ಊರಿನ ಪುಸ್ತಕದಲ್ಲಿ ಖಾಲಿ ಬಿಟ್ಟ ನಾಲ್ಕು ಸಾಲು

ಹನ್ನೆರಡನೇ ನಂಬರಿನ ಮನೆಯ ಪಕ್ಕದಲ್ಲಿ ನಲವತ್ತೇಳು ಇತ್ತು. ಅದರ ಪಕ್ಕದಲ್ಲಿ ಮೂರು. ನನಗೆ ಕೊಟ್ಟ ಮನೆಯ ನಂಬರು ಮೂವತ್ತೊಂದು ಎಂದು ಬರೆದ ಚೀಟಿಯನ್ನು ಕೈಯಲ್ಲಿ ಹಿಡಿದು, ಪಾದ ಹೂತುಹೋಗುವ ಹಿಮದಲ್ಲಿ ನಾನು ಆ ಊರನ್ನು ಎರಡು ಸಲ ಸುತ್ತಿದೆ. ಕೇಳೋಣವೆಂದರೆ ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ರಾಮನಗರದ ಬಂಡೆಗಳ ನಡುವಿನ ನಮ್ಮ ಕೂಟಗಲ್ ಕಡೆ ಹೊಸಬ ಊರೊಳಗೆ ಕಾಲಿಟ್ಟರೆ ಮೊದಲು ನಾಯಿ ಬೊಗಳುತ್ತದೆ, ಆಮೇಲೆ ಯಾವುದಾದರೂ ಜಗಲಿಯಿಂದ "ಯಾರ್ ಮನೆಗಪ್ಪಾ?" ಎಂಬ ಪ್ರಶ್ನೆ ಬರುತ್ತದೆ. ಇಲ್ಲಿ ನಾಯಿಗಳೂ ಒಳಗೆ ಒಲೆಯ ಪಕ್ಕ ಮಲಗಿದ್ದವು.

ನಂಬರಿನ ಗುಟ್ಟು ತಿಳಿಯಲು ಒಂದು ವರ್ಷ ಹಿಡಿಯಿತು. ಇನ್ನೂರೈವತ್ತು ವರ್ಷದ ಹಿಂದೆ ಇಲ್ಲಿನ ರಾಣಿಯೊಬ್ಬಳ ಕಾಲದಲ್ಲಿ ಆಗ ಇದ್ದ ಮನೆಗಳಿಗೆಲ್ಲ ನಂಬರು ಹಾಕಿದರಂತೆ. ಆಮೇಲೆ ಯಾರು ಎಲ್ಲೇ ಮನೆ ಕಟ್ಟಲಿ, ಮುಂದಿನ ನಂಬರು ಅದಕ್ಕೆ. ಹಾಗಾಗಿ ನಂಬರು ನೋಡಿದರೆ ದಾರಿ ಸಿಗುವುದಿಲ್ಲ, ಮನೆಯ ವಯಸ್ಸು ಸಿಗುತ್ತದೆ.

ಚೆಕ್ ದೇಶದ ಈ ಊರಿಗೆ ಲ್ಹೊಟಾ ಎಂದು ಹೆಸರು. ಈ ದೇಶದಲ್ಲಿ ಇಂಥ ಲ್ಹೊಟಾಗಳು ನೂರಾರು ಇವೆ. ಹಿಂದೆ ಜಮೀನ್ದಾರರು ಕಾಡು ಕಡಿದು ಹೊಲ ಮಾಡುವವರಿಗೆ ಇಷ್ಟು ವರ್ಷ ಕಂದಾಯ ಬೇಡ ಎಂದು ವಾಯಿದೆ ಕೊಡುತ್ತಿದ್ದರು. ಹಾಗೆ ಎದ್ದ ಊರಿಗೆಲ್ಲ ಅದೇ ಹೆಸರು. ನಮ್ಮಲ್ಲಿ ಕೆರೆ ಕಟ್ಟಿದವನಿಗೆ ಕೊಡುಗೆ ಜಮೀನು ಬಿಡುತ್ತಿದ್ದರಲ್ಲ, ಅದೇ ರೀತಿ. ಮೂರು ಕಡೆ ಪೈನ್ ಮರದ ಕಾಡು, ಒಂದು ಕಡೆ ಇಳಿಜಾರು ಹೊಲ. ನಡುವೆ ಹುಲ್ಲಿನ ಬಯಲು, ಅದನ್ನು ನಾವೆಸ್ ಅನ್ನುತ್ತಾರೆ. ಅದರಲ್ಲಿ ಒಂದು ಕೊಳ, ಗಂಟೆ ಇರುವ ಸಣ್ಣ ಗುಡಿ, ಯುದ್ಧಕ್ಕೆ ಹೋಗಿ ಬಾರದವರ ಹೆಸರು ಕೆತ್ತಿದ ಕಲ್ಲು. ಆ ಕಲ್ಲಿನಲ್ಲಿ ಒಂದೇ ಮನೆತನದ ಹೆಸರು ಮೂರು ಸಲ ಬರುತ್ತದೆ. ಎತ್ತ ನೋಡಿದರೂ ಬಂಡೆ ಕಾಣದ ನೆಲದಲ್ಲಿ ನಾನು ಹಿಂದೆಂದೂ ಬದುಕಿರಲಿಲ್ಲ. ಮೊದಲ ತಿಂಗಳು ಕಣ್ಣು ಎಲ್ಲಿ ನಿಲ್ಲಬೇಕೆಂದು ಗೊತ್ತಾಗುತ್ತಿರಲಿಲ್ಲ.

ನಾನು ಓದಿದ್ದು ಏಳನೇ ಕ್ಲಾಸು. ಬಂದದ್ದು ಹಸುವಿನ ಕೊಟ್ಟಿಗೆ ಕೆಲಸಕ್ಕೆ. ಅಕ್ಕ ಜಯಮ್ಮನಿಗೆ ಫೋನಿನಲ್ಲಿ ಕೊಟ್ಟಿಗೆ ತೋರಿಸಿದಾಗ ಅವಳು ಕೇಳಿದ್ದು ಇಷ್ಟೇ.

"ಹಸ ಹಿಂಡಾಕೆ ಸಮುದ್ರ ದಾಟ್ಬೇಕಿತ್ತೇನ್ಲಾ?"

"ಹಿಂಡೋದು ಮಿಷನ್ನು ಕಣಕ್ಕ."

"ಮತ್ತೆ ನಿನ್ನ ಯಾಕ್ ಇಟ್ಕಂಡವ್ರೆ?"

"ಸಗಣಿ ಬಾಚಾಕೆ."

"ಅದುನ್ನ ಇಲ್ಲೇ ಮಾಡು ಅಂದ್ರೆ ಮೂಗ್ ಮುರೀತಿದ್ದೆ."

ಊಟಕ್ಕೆ ಕ್ನೆದ್ಲೀಕ್ ಎಂಬುದೊಂದು ಇದೆ. ಮೈದಾಹಿಟ್ಟಿನ ದಪ್ಪ ಉಂಡೆಯನ್ನು ಬೇಯಿಸಿ ದಾರದಿಂದ ಕೊಯ್ಯುತ್ತಾರೆ, ಮೇಲೆ ಮಾಂಸದ ಸಾರು. ಮುದ್ದೆಯ ಹಾಗೆ ಮುರಿದು ಸಾರಿಗೆ ಅದ್ದಿ ನುಂಗಿದೆ. ಕೊಟ್ಟಿಗೆಯ ಮೇಸ್ತ್ರಿ ಪಾವೆಲ್ ಚಮಚ ಕೆಳಗಿಟ್ಟು ನೋಡುತ್ತಲೇ ಕುಳಿತ. ಅಗಿಯದೆ ನುಂಗುವವನನ್ನು ಅವನು ಕಂಡಿರಲಿಲ್ಲ. ಈ ಊರಿನಲ್ಲಿ ಎದುರಿಗೆ ಸಿಕ್ಕವರಿಗೆಲ್ಲ "ದೋಬ್ರೀ ದೆನ್" ಅನ್ನಬೇಕು, ನಿಮಗೆ ಒಳ್ಳೆಯ ದಿನ ಎಂದು ಅರ್ಥ. ಅದರಾಚೆ ಮಾತಿಲ್ಲ. ಎಷ್ಟೋ ದಿನ ನನ್ನ ಬಾಯಿಂದ ಬಂದದ್ದು ಆ ಎರಡು ಪದ, ಮತ್ತೆ ಹಸುಗಳ ಜೊತೆ ಕನ್ನಡ. ಹಸುಗಳು ನನಗಿಂತ ಬೇಗ ಭಾಷೆ ಕಲಿತವು. "ಸರ್ಕೊ" ಎಂದರೆ ಸರಿಯುತ್ತಿದ್ದವು.

ನಾಲ್ಕು ವರ್ಷದಲ್ಲಿ ನನ್ನ ಮಾತೂ ಕುದುರಿತು. ಆಗ ಪರಿಚಯವಾದವರು ಹಾನಾ ಎಂಬ ನಿವೃತ್ತ ಮೇಷ್ಟರಮ್ಮ. ಇಲ್ಲಿ ಪ್ರತಿ ಊರೂ ಒಂದು ಕ್ರೋನಿಕಾ ಇಡಬೇಕು, ಅದು ಕಾನೂನು. ಆ ವರ್ಷ ಯಾರು ಸತ್ತರು, ಯಾರು ಹುಟ್ಟಿದರು, ಗಾಳಿಗೆ ಎಷ್ಟು ಮರ ಬಿದ್ದವು, ಊರಿಗೆ ಯಾರು ಬಂದರು, ಎಲ್ಲವನ್ನೂ ಶಾಯಿಯಲ್ಲಿ ಬರೆದಿಡುವ ದಪ್ಪ ಪುಸ್ತಕ. ನಮ್ಮ ಊರಿನ ಚರಿತ್ರೆ ಒಂದೋ ಪಹಣಿಯಲ್ಲಿದೆ, ಇಲ್ಲ ಅಜ್ಜಿಯರ ಬಾಯಲ್ಲಿದೆ. ಇಲ್ಲಿ ಅದು ಹಾನಾ ಅವರ ಬೀರುವಿನಲ್ಲಿದೆ.

ಹೋದ ಬೇಸಿಗೆಯ ಕೊನೆಯಲ್ಲಿ, ಇಲ್ಲಿ ಅದು ಆಗಸ್ಟ್, ಅವರು ನನ್ನನ್ನು ಕಾಫಿಗೆ ಕರೆದರು. ಮೂವತ್ತೊಂದನೇ ಮನೆಯವನೂ ಪುಸ್ತಕದಲ್ಲಿ ಬರಬೇಕು ಎಂದರು. ಅದಕ್ಕೆ ಮೊದಲು ಒಂದು ಹಳೆಯ ಪುಟ ತೆಗೆದು ಓದಿ ಹೇಳಿದರು. "ಈ ವರ್ಷ ನಮ್ಮ ಊರಿನ ರೈತರೆಲ್ಲ ಸಂತೋಷದಿಂದ ಸಹಿ ಹಾಕಿ ತಮ್ಮ ಹೊಲಗಳನ್ನು ಸಾಮೂಹಿಕ ಬೇಸಾಯಕ್ಕೆ ಸೇರಿಸಿದರು."

"ಇದು ಸುಳ್ಳು," ಅಂದರು ಹಾನಾ. "ನನ್ನ ಅಪ್ಪನ ಸಹಿ ಕೇಳಲು ಬಂದದ್ದು ಸರ್ಕಾರದವರಲ್ಲ. ಅವನ ಸ್ವಂತ ತಮ್ಮ. ಎಲ್ಲರೂ ಹಾಕಿದ್ದಾರೆ, ನೀನೊಬ್ಬ ಉಳಿದಿದ್ದೀಯ ಅಂದ. ಅದೂ ಸುಳ್ಳೇ. ಅಪ್ಪ ತಮ್ಮನನ್ನು ನಂಬಿ ಹಾಕಿದ. ಆಮೇಲೆ ಈ ಸಾಲು ಬರೆದದ್ದೂ ಆ ತಮ್ಮನೇ. ಆಗ ಪುಸ್ತಕ ಅವನ ಕೈಯಲ್ಲಿತ್ತು."

"ಹೊಲ?"

"ಸರ್ಕಾರ ಬದಲಾದ ಮೇಲೆ ವಾಪಸ್ ಬಂತು. ಆದರೆ ಅಣ್ಣ ತಮ್ಮ ಕೊಳದ ಆಚೆ ಈಚೆ ಬದುಕಿ, ಮಾತಾಡದೆ ಸತ್ತರು."

"ನೀವು ಈ ಸಾಲು ಹೊಡೆದು ಹಾಕಬಹುದಲ್ಲ?"

"ಬರೆದದ್ದನ್ನು ಹೊಡೆಯುವ ಹಕ್ಕು ಇಲ್ಲಿ ಯಾರಿಗೂ ಇಲ್ಲ."

ಆಮೇಲೆ ಅವರು ಕರಡು ಹಾಳೆ ಎಳೆದುಕೊಂಡು, ಊರು ಬಿಟ್ಟು ಯಾಕೆ ಬಂದೆ ಎಂದು ಕೇಳಿದರು. ನಾನು ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದೆ: "ನಮ್ಮಪ್ಪ ಜಮೀನು ಮಾರಿಬಿಟ್ಟಿದ್ದ." ಪೆನ್ಸಿಲ್ ಹಾಳೆಯ ಮೇಲೆ ಓಡತೊಡಗಿತು. ಬಾಯಲ್ಲಿ ನೂರು ಸಲ ಹೇಳಿದ್ದೆ, ಏನೂ ಆಗಿರಲಿಲ್ಲ. ಬರೆಯುವುದನ್ನು ನೋಡಿದಾಗ ಕೈ ಚಾಚಿ ಹಾಳೆಯನ್ನು ಮುಚ್ಚಿದೆ.

ನಡೆದದ್ದನ್ನು ಅವರಿಗೆ ಹೇಳಿದೆ, ಇಲ್ಲಿಯೂ ಹೇಳುತ್ತೇನೆ. ಅಪ್ಪ ಏನನ್ನೂ ಮಾರಿರಲಿಲ್ಲ. ಅಪ್ಪ ತೀರಿಕೊಂಡಾಗ ನಮಗೆ ಒಂದೂಕಾಲು ಎಕರೆ ಹಿಪ್ಪುನೇರಳೆ ತೋಟ ಇತ್ತು. ಅಕ್ಕನನ್ನು ಪಕ್ಕದ ಊರಿಗೆ ಕೊಟ್ಟಿತ್ತು. ಭಾವನಿಗೆ ಜಮೀನಿಲ್ಲ. ಹತ್ತು ವರ್ಷ ಆ ತೋಟದ ಸೊಪ್ಪು ಕೊಯ್ದು, ಅಪ್ಪನ ಹುಳದ ಮನೆಯಲ್ಲಿ ರೇಷ್ಮೆ ಹುಳ ಸಾಕಿದವಳು ಅವಳು. ನಾನು ಬೈಕಿನಲ್ಲಿ ಗೂಡು ಮಾರ್ಕೆಟ್ಟಿಗೆ ಹೋಗಿ ಬರುತ್ತಿದ್ದೆ, ಅಷ್ಟೇ ನನ್ನ ಬೇಸಾಯ.

ಅಪ್ಪನ ತಿಥಿ ಮುಗಿದ ಮೇಲೆ ಅಕ್ಕನನ್ನು ರಾಮನಗರದ ನೋಂದಣಿ ಕಚೇರಿಗೆ ಕರೆದುಕೊಂಡು ಹೋದೆ. "ಪೌತಿ ಖಾತೆಗೆ ಒಂದ್ ಸೈನ್ ಬೇಕಂತೆ ಕಣಕ್ಕ. ಒಳಗೆ ಏನ್ ಕೇಳಿದ್ರೂ ಹೂಂ ಅನ್ನು," ಅಂದೆ. ಸತ್ತವರ ಹೆಸರಿನಿಂದ ಮಕ್ಕಳ ಹೆಸರಿಗೆ ಖಾತೆ ಬರುವ ಕಾಗದ ಎಂದು ಅವಳು ತಿಳಿದಳು. ಅದು ಹಕ್ಕು ಬಿಡುಗಡೆ ಪತ್ರ. ನನಗೆ ಭಾಗ ಬೇಡ, ಎಲ್ಲ ತಮ್ಮನಿಗೆ ಎಂಬ ಪತ್ರ. ಅವಳು ನಾಲಿಗೆ ಕಚ್ಚಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದಳು. ಒಳಗೆ ಕೇಳಿದ್ದಕ್ಕೆ ಹೂಂ ಅಂದಳು.

ನಮ್ಮ ಕಡೆ ಹೆಣ್ಣುಮಕ್ಕಳ ಭಾಗ ಅರಿಶಿನ ಕುಂಕುಮದಲ್ಲಿ ತೀರುತ್ತದೆ. ಸಹಿ ಹಾಕಿಸಿಕೊಂಡು, ಸೀರೆ ಕೊಟ್ಟು, ಮಡಿಲು ತುಂಬಿ ಕಳಿಸುವುದು ಎಲ್ಲರೂ ಮಾಡುವ ಕೆಲಸ. ಆದರೆ ಉಳಿದವರು ಯಾಕೆ ಎಂದು ಹೇಳಿ ಮಾಡುತ್ತಾರೆ. ನಾನು ಹೇಳದೆ ಮಾಡಿದೆ. ಮನೆಗೆ ಬಂದು ಅಕ್ಕನನ್ನು ಮಣೆಯ ಮೇಲೆ ಕೂರಿಸಿ, ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು ಅವಳ ಸೆರಗಿಗೆ ಹಾಕಿದೆ. ಅವಳು ಅತ್ತಳು.

"ಅವ್ವ ಹೋದ್ಮೇಲೆ ಯಾರೂ ನನ್ ಮಡ್ಲು ತುಂಬಿರ್ನಿಲ್ಲ ಕಣೋ. ಅಪ್ಪ ಸತ್ರೂ ತವರು ಐತೆ ನಂಗೆ."

ಎರಡು ತಿಂಗಳಿಗೆ ತೋಟ ಕೊಂಡವರು ತಂತಿ ಬೇಲಿ ಹಾಕಿದರು. ಬೇಲಿಯ ಈಚೆ ಸೊಪ್ಪಿನ ಕುಕ್ಕೆ ಹಿಡಿದು ನಿಂತವಳಿಗೆ, "ಅಪ್ಪ ಬದುಕಿದ್ದಾಗ್ಲೇ ಅಗ್ರಿಮೆಂಟ್ ಮಾಡ್ಕೊಟ್ಬುಟ್ಟಿದ್ದ ಕಣಕ್ಕ, ನಂಗೂ ಗೊತ್ತಿರ್ನಿಲ್ಲ," ಅಂದೆ. ಅವಳು ನಂಬಿದಳು. ಆ ವರ್ಷವೇ, ಅಪ್ಪನ ಮನೆಯ ಬೀಗದ ಕೈ ಅಕ್ಕನಿಗೆ ಕೊಟ್ಟು, ತೋಟದ ಹಣದಲ್ಲಿ ನಾನು ವಿಮಾನ ಹತ್ತಿದೆ. ಪಿತೃಪಕ್ಷ ಬಂದಾಗ, ನಾನಿಲ್ಲ, ಮನೆಯ ಬೀಗ ತೆಗೆದು ಅಪ್ಪನಿಗೆ ಎಡೆ ಇಡು ಎಂದು ಫೋನಿನಲ್ಲಿ ಕೇಳಿದೆ. "ಹತ್ ವರ್ಸ ದುಡುದ್ ಮಗಳ್ನ ಒಂದ್ ಮಾತು ಕೇಳ್ದೆ ಮಾರಿದೋನಿಗೆ ನನ್ ಕೈ ಅನ್ನ ಬ್ಯಾಡ," ಅಂದಳು. ನಾಲ್ಕು ವರ್ಷ ಅಪ್ಪ ಎಡೆಯಿಲ್ಲದೆ ಉಳಿದ. ಅವಳಿಗೆ ತೋಟ ಹೋಯಿತು, ಅಪ್ಪನೂ ಹೋದ. ಎರಡನ್ನೂ ಕಿತ್ತುಕೊಂಡವನು ನಾನು.

ಹಾನಾ ಎಲ್ಲ ಕೇಳಿಸಿಕೊಂಡರು. ಬುದ್ಧಿ ಹೇಳಲಿಲ್ಲ. "ಹಾಗಾದರೆ ಹೇಗೆ ಬರೆಯಲಿ?" ಎಂದರು. ಮೊದಲು ಅಕ್ಕನಿಗೆ ಹೇಳಬೇಕು ಎಂದೆ. ಅವರು ಪುಸ್ತಕದಲ್ಲಿ ನಾಲ್ಕು ಸಾಲು ಬಿಟ್ಟು, ಕೆಳಗೆ ಆ ವರ್ಷದ ಸೇಬಿನ ಫಸಲಿನ ವಿಷಯ ಬರೆಯತೊಡಗಿದರು.

ಮರುದಿನ ಅಕ್ಕನಿಗೆ ಫೋನು ಮಾಡಿದಾಗ ಇಲ್ಲಿ ಮಧ್ಯಾಹ್ನ, ಅಲ್ಲಿ ಸಂಜೆ. ಅಕ್ಕ ಯಾರದೋ ಹುಳದ ಮನೆಯಲ್ಲಿ ಕೂಲಿಗೆ ಇದ್ದಳು. ಹುಳ ಸೊಪ್ಪು ಮೇಯುವ ಸದ್ದು ಫೋನಿನಲ್ಲಿ ಕೇಳುತ್ತಿತ್ತು.

"ಅಕ್ಕ, ತೋಟ ಅಪ್ಪ ಮಾರ್ಲಿಲ್ಲ. ನಾನು ಮಾರ್ದೆ. ಅವತ್ ನೀನ್ ಸೈನ್ ಹಾಕಿದ್ದು ಪೌತಿ ಖಾತೆಗಲ್ಲ."

ಸೊಪ್ಪಿನ ಕುಕ್ಕೆ ನೆಲಕ್ಕಿಟ್ಟ ಸದ್ದು ಬಂತು.

"ಮಡ್ಲು ತುಂಬಿದ್ದು?" ಅಂದಳು.

"ಅದುಕ್ಕೇ."

"ತೋಟ ಕೇಳಿದ್ರೆ ಸುಮ್ನೆ ಕೊಡ್ತಿರ್ನಿಲ್ಲ ಕಣ್ಲಾ. ಜಗಳ ಆಡಿ ಆದ್ರೂ ಕೊಡ್ತಿದ್ದೆ. ನಾಕ್ ವರ್ಸ ಸತ್ತೋನ್ನ ನನ್ ಬಾಯಲ್ಲಿ ಬಯ್ಸುದ್ಯಲ್ಲ." ಅಷ್ಟು ಹೇಳಿ ಫೋನು ಇಟ್ಟಳು.

ಆಮೇಲೆ ನಾನು ಮಾಡಿದ ಕರೆಗಳನ್ನು ಅವಳು ಎತ್ತಲಿಲ್ಲ. ಹಾನಾ ಅವರ ಮನೆಗೆ ಹೋಗಿ ನಾಲ್ಕು ಸಾಲು ಹೇಳಿದೆ: ಅಪ್ಪನ ಹೆಸರು, ಅಕ್ಕನ ಹೆಸರು, ಅಕ್ಕನಿಗೆ ಮೋಸ ಮಾಡಿ ಜಮೀನು ಮಾರಿ ಬಂದವನು ಎಂಬ ಮಾತು, ಈಗ ಮೂವತ್ತೊಂದನೇ ಮನೆಯಲ್ಲಿ ವಾಸ ಎಂಬುದು. ಅವರು ಅಕ್ಷರ ಕೇಳಿ ಕೇಳಿ ಶಾಯಿಯಲ್ಲಿ ಬರೆದರು. ಈಗ ನಮ್ಮ ಊರಿನ ಯಾವ ಪಹಣಿಯಲ್ಲೂ ನನ್ನ ಹೆಸರಿಲ್ಲ. ಈ ದೇಶದ ಪುಸ್ತಕದಲ್ಲಿ ಇದೆ, ಅಳಿಸಲಾಗದ ಹಾಗೆ.

ಮಹಾಲಯ ಅಮಾವಾಸ್ಯೆಯ ದಿನ ಅಕ್ಕನೇ ಫೋನು ಮಾಡಿದಳು. ಬೀಗ ತೆಗೆದು ಮನೆ ಸಾರಿಸಿ, ಅಪ್ಪನ ಫೋಟೋದ ಮುಂದೆ ಎಡೆ ಇಟ್ಟಿದ್ದಳು. ಮುದ್ದೆ, ಕೋಳಿಸಾರು, ವಡೆ, ಅಪ್ಪ ಸೇದುತ್ತಿದ್ದ ಬೀಡಿ ಕಟ್ಟು. ಫೋನನ್ನು ಅದರ ಕಡೆ ತಿರುಗಿಸಿ ಹಿಡಿದಿದ್ದಳು. ಅವಳ ಮುಖ ತೋರಿಸಲಿಲ್ಲ. ಕೊಟ್ಟಿಗೆಯಲ್ಲಿ ಬೂಟು ಬಿಚ್ಚಿ ಕೈ ಮುಗಿದೆ.

"ಮುಂದಿನ್ ವರ್ಸ ನಾನೇ ಬಂದು ಇಕ್ತೀನಿ ಅಕ್ಕ," ಅಂದೆ.

"ಬಾ," ಅಂದಳು. "ನಂಟ್ರು ಬತ್ತಾರಲ್ಲ, ಹಂಗೆ ಬಾ. ಉಂಡ್ಕಂಡು ಹೋಗು. ಬೀಗದ್ ಕೈ ಮಾತ್ರ ಕೇಳ್ಬ್ಯಾಡ."