ಕ್ಲಾಸಿನಲ್ಲಿ ಕಲಿಸದ ಹೀಬ್ರೂ

ಇವತ್ತು ಬೆಳಿಗ್ಗೆ ಪೇಪರಿನೊಳಗಿಂದ ಗುಲಾಬಿ ಬಣ್ಣದ ಚೀಟಿಯೊಂದು ಜಾರಿ ಬಿತ್ತು. ‘ಹದಿನೈದು ದಿನದಲ್ಲಿ ಹೀಬ್ರೂ, ವಿದೇಶದಲ್ಲಿ ಕೆಲಸ.’ ಓದುವಷ್ಟರಲ್ಲಿ ಚಹಾ ಆರಿತು, ನಾನು ಕುದಿಯತೊಡಗಿದೆ. ಹಳಿಯಾಳದಲ್ಲಿ ಕನ್ನಡ ಕಲಿಸಿ ನಿವೃತ್ತನಾದ ಮಾಸ್ತರನಿಗೆ ಹೀಬ್ರೂ ಮೇಲೇಕೆ ಸಿಟ್ಟು ಎಂದು ನೀವು ಕೇಳಬಹುದು. ಸಿಟ್ಟು ಭಾಷೆಯ ಮೇಲಲ್ಲ, ಅದನ್ನು ಕಲಿಸುವವರ ಮೇಲೆ.

ಶಾರದಾ ನನ್ನ ಹಳೆಯ ವಿದ್ಯಾರ್ಥಿನಿ, ಮುಂಡಗೋಡದ ಕಡೆಯ ಪಾಳಾ ಊರಿನವಳು. ಹತ್ತು ವರ್ಷ ಹಾಸಿಗೆ ಹಿಡಿದವರ ಆರೈಕೆ ಮಾಡಿದವಳು. ಗಂಡ ತೀರಿಕೊಂಡ ಮೇಲೆ ಮಗಳನ್ನು ತಾಯಿಯ ಹತ್ತಿರ ಬಿಟ್ಟು, ಅದೇ ಕೆಲಸಕ್ಕೆ ಇಸ್ರೇಲಿಗೆ ಹೊರಡಲು ತಯಾರಾದಳು. ಕೆಲಸ ಕೊಡಿಸುವ ಏಜೆಂಟನ ಕ್ಲಾಸಿಗೆ ಹೋಗಿಬಂದ ದಿನ ನನ್ನ ಮುಂದೊಂದು ಹಾಳೆ ಇಟ್ಟಳು. ಕನ್ನಡ ಅಕ್ಷರದಲ್ಲಿ ಬರೆದ ಹೀಬ್ರೂ ಮಾತುಗಳು, ಪಕ್ಕದಲ್ಲಿ ಅರ್ಥ: ಹೌದು. ಕ್ಷಮಿಸಿ. ಈಗಲೇ ಬಂದೆ. ಮುಗಿಸಿದೆ, ಇನ್ನೇನು ಮಾಡಲಿ? ಕೊನೆಯವರೆಗೂ ಹೀಗೇ.

“ಇಲ್ಲ ಅನ್ನಾಕ ಏನಂತಾರ?” ಎಂದೆ.

“ಕೇಳಿದ್ನಿರಿ ಸರ. ‘ನಿನಗ ಅದು ಬೇಕಾಗೂದಿಲ್ಲ, ಮುಂದಿಂದು ಬಾಯಿಪಾಠ ಮಾಡು’ ಅಂದ್ರು.”

ಬೇಕಾಗುವುದಿಲ್ಲವಂತೆ! ಹಾಲು ಕುಡಿಯುವ ಕೂಸು ಕೂಡ ಮುಖ ತಿರುಗಿಸಿ ಬೇಡ ಅನ್ನುತ್ತದೆ. ನಿಷೇಧಾರ್ಥಕ ಕ್ರಿಯಾಪದಕ್ಕೆಂದೇ ಇಡೀ ವಾರ ಮೀಸಲಿಟ್ಟ ವ್ಯಾಕರಣದ ಮಾಸ್ತರ ನಾನು. ಮನೆಯೆಲ್ಲ ಕೇಳುವಂತೆ ಕೂಗಾಡಿದೆ. ಆದರೆ ನನಗಾದರೂ ಹೀಬ್ರೂ ಎಲ್ಲಿ ಬರುತ್ತಿತ್ತು?

ದಾರಿ ಸಿಕ್ಕಿದ್ದು ದಾಂಡೇಲಿಯಲ್ಲಿ. ಶಾರದಾ ಹಿಂದೆ ಆರೈಕೆ ಮಾಡಿದ್ದ ಮಿಲ್ ಕಾರ್ಮಿಕರೊಬ್ಬರ ಹೆಂಡತಿ ಮೆಹರುನ್ನಿಸಾ ಓಣಿಯ ಮಕ್ಕಳಿಗೆ ಅರಬಿ ಓದಲು ಕಲಿಸುತ್ತಿದ್ದರು.

“ನನಗೂ ಬರಂಗಿಲ್ಲ ಬೇಟಿ. ಖರೆ, ಅದನ್ನೂ ಅರಬಿಹಂಗ ಬಲಗಡೆಯಿಂದನ ಬರೀತಾರ. ಕೂಡಿ ಕಲಿಯೂಣು ಬಾ” ಅಂದರು.

ಭಾನುವಾರ ಶಾರದಾ ಬಸ್ಸು ಹತ್ತುವಳು, ಹಿಂದೆ ನಾನು. ಮೊಬೈಲಿನಲ್ಲಿ ಪಾಠ ಹಚ್ಚಿ ಮೂವರೂ ಚಾಪೆಯ ಮೇಲೆ ಕೂರುವೆವು. ಅರಬಿಯ ‘ಬೈತ್’ ಅಲ್ಲಿ ‘ಬಯಿತ್’, ಅಂದರೆ ಮನೆ. ‘ಯೌಮ್’ ಅಲ್ಲಿ ‘ಯೋಮ್’, ದಿನ. ಪ್ರತಿ ಹೋಲಿಕೆಗೂ ಮೆಹರುನ್ನಿಸಾ ನೆಂಟರು ಬಂದಷ್ಟು ಹಿಗ್ಗುವರು. ನನ್ನ ಕೈ ಮಾತ್ರ ಎಡದಿಂದಲೇ ಶುರು ಮಾಡುತ್ತಿತ್ತು. ನಾಲ್ಕನೇ ಅಕ್ಷರಕ್ಕೆ ನಾನು ಸೋಲೊಪ್ಪಿಕೊಂಡೆ.

‘ಇಲ್ಲ’ ಅನ್ನಲು ‘ಲೋ’ ಅನ್ನುತ್ತಾರೆ ಎಂದು ತಿಳಿದಾಗ ಶಾರದಾ ಬಿದ್ದು ಬಿದ್ದು ನಕ್ಕಳು. “ಮಾಲಕರಿಗೆ ಲೋ ಅನ್ನೂದೇನ್ರಿ ಆಪಾ!”

“ನಗಬ್ಯಾಡ. ಗಟ್ಟಿಯಾಗಿ ಅನ್ನು. ಇನ್ನೊಮ್ಮೆ.”

ಆಮೇಲೆ ಮೆಹರುನ್ನಿಸಾ ‘ನನಗೆ ದಣಿವಾಗಿದೆ’, ‘ಇಂದು ನನ್ನ ರಜೆ’ ಎಂಬವನ್ನೂ ಹಾಗೇ ಹೇಳಿಸಿದರು.

ಇಸ್ರೇಲಿಗೆ ಹೋಗಿ ಎಂಟು ತಿಂಗಳಾದಾಗ ಶಾರದಾ ಫೋನ್ ಮಾಡಿದಳು. ಅವಳು ನೋಡಿಕೊಳ್ಳುವ ಅಜ್ಜಿಯ ಮಗ, ವಾರದ ರಜೆಯ ದಿನ ತನ್ನ ಮನೆ ಒರೆಸಲು ಕರೆಯುತ್ತಿದ್ದನಂತೆ. ಮೂರು ವಾರ ಹೋಗಿದ್ದಳು.

“ನಾಕನೇ ವಾರ ಲೋ ಅಂದ್ನಿರಿ. ಅಂವ ಮತ್ತ ಕೇಳಿದ. ಅಷ್ಟರಾಗ ಒಳಗಿಂದ ಅಜ್ಜಿನ ಕೂಗಿದ್ಲು, ‘ಆಕಿ ಹೇಳಿದ್ದು ಕೇಳಿಸಲಿಲ್ಲೇನು ನಿನಗ?’ ಅಂತ.”

ಅಂದಿನಿಂದ ಅವನು ಕರೆದಿಲ್ಲ.

ಇವತ್ತು ಸಿಟ್ಟು ತಡೆಯದೆ ಮೆಹರುನ್ನಿಸಾರಿಗೆ ಫೋನ್ ಹಚ್ಚಿ ಆ ಏಜೆಂಟರನ್ನೆಲ್ಲ ಬೈದೆ. ಅವರು ಪೂರ್ತಿ ಕೇಳಿ, “ಮಾಸ್ತರ, ಆ ಹುಡುಗಿ ನಿಮ್ಮ ಸಾಲ್ಯಾಗ ಎಂದಾದ್ರೂ ಇಲ್ಲ ಅಂದಿದ್ಲೇನು?” ಎಂದರು. ನೆನಪು ಮಾಡಿಕೊಂಡೆ. ಮೂರು ವರ್ಷ ನನ್ನ ಮುಂದೆ ಕೂತವಳು ಒಮ್ಮೆಯೂ ಅಂದಿರಲಿಲ್ಲ. ಅದಕ್ಕಾಗಿಯೇ ವಾರ್ಷಿಕೋತ್ಸವದಲ್ಲಿ ಅವಳಿಗೆ ಒಳ್ಳೆಯ ನಡತೆಯ ಬಹುಮಾನ ಕೊಟ್ಟವನೂ ನಾನೇ.

ಮಧ್ಯಾಹ್ನ ಶಾರದಾಳಿಗೆ ಫೋನ್ ಮಾಡಿದೆ. ಶನಿವಾರ, ಅವಳ ರಜೆ. ಸಮುದ್ರದ ದಂಡೆಯಲ್ಲಿದ್ದಳು.

“ಏನ್ ಮಾಡಾಕತ್ತೀ?”

“ಏನೂ ಇಲ್ರಿ ಸರ. ಸುಮ್ನ ಕುಂತೇನಿ.”