ದಿಂಬಕ್ಕ ಎದ್ದೇಳಲಿಲ್ಲ

"ಮೆತ್ತೆ ತುಂಬಿದ ಮೇಲೆ ಕೈಯಲ್ಲಿ ಒತ್ತಿ ನೋಡಿದ್ರೆ ಏನೂ ಗೊತ್ತಾಗಲ್ಲ ದೊಡ್ಡಮ್ಮ. ಕೈ ಮೋಸ ಮಾಡುತ್ತೆ. ಮೇಲೆ ಕೂತ್ಕೊಂಡು ಆ ಕಡೆ ಈ ಕಡೆ ಸ್ವಲ್ಪ ವಾಲಬೇಕು. ಎಲ್ಲಿ ಪೊಳ್ಳಾಗಿದೆ ಅಂತ ಮೈಗೇ ತಿಳಿಯುತ್ತೆ. 'ಕೂತು ಕೂತೇ ಸಂಸಾರ ಮಾಡ್ತೀಯಲ್ಲೇ' ಅಂತ ನಮ್ಮತ್ತೆ ಬೈತಾರೆ. ಬೈಲಿ ಬಿಡಿ. ನಾನು ಹೊಲಿದ ಮೆತ್ತೆ ವಾಪಸ್ ಬಂದಿದ್ದು ಯಾರಾದ್ರೂ ನೋಡಿದಾರಾ?"

ನಮ್ಮ ಕೆಳಮನೆಯವಳು ನನಗೆ ಹೇಳಿದ ಮಾತಿದು. ಕುರ್ಚಿ, ಸೋಫಾಗಳಿಗೆ ಮೆತ್ತೆ ಹೊಲಿಯುವುದು ಅವಳ ಕಸುಬು. ಬೀದಿಯವರೆಲ್ಲ ದಿಂಬಕ್ಕ ಅನ್ನುತ್ತಾರೆ. ಕಸುಬು ನೋಡಿ ಹಾಗಂದರೋ, ಮೈ ನೋಡಿ ಅಂದರೋ, ಅವಳಂತೂ ಕರೆದರೆ ಓಗೊಡುತ್ತಾಳೆ.

ಹೊಳೆ ಉಕ್ಕಿ ಬೀದಿಗೆ ಬಂದ ದಿನ ಅವಳ ಅತ್ತೆ ಸೊಂಟ ಮುರಿದುಕೊಂಡು ಮಲಗಿದ್ದರು. ಆಪರೇಷನ್ನಿನ ಹೊಲಿಗೆ ಇನ್ನೂ ಹಸಿ. ಅಲುಗಾಡಿಸಬಾರದು, ಕೊಳೆನೀರು ಸೋಕಲೇಬಾರದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಮಂಚವೋ ತಗ್ಗು. ನಮ್ಮ ಮಹಡಿಗೆ ಹೊತ್ತು ತರೋಣವೆಂದರೆ ಮೆಟ್ಟಿಲು ತೀರಾ ಕಡಿದಾಗಿತ್ತು.

ದಿಂಬಕ್ಕನ ಗಂಡ ಬಾಗಿಲಿಗೆ ಹಲಗೆ ನಿಲ್ಲಿಸಿ, ಸಂದಿಗೆ ಜೇಡಿಮಣ್ಣು ಮೆತ್ತಿ, ಮರಳಿನ ಚೀಲ ಒಟ್ಟಿದ. ಗೆದ್ದೆ ಅಂತ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಬಚ್ಚಲಲ್ಲಿ ಗುಳುಗುಳು ಸದ್ದು. ನಾವೆಲ್ಲ ಬಾಗಿಲು ಕಾಯುತ್ತಿದ್ದೆವು. ನೀರು ಚರಂಡಿಯಿಂದ ಹಿಮ್ಮುಖವಾಗಿ ಬಚ್ಚಲ ತೂತಿನಲ್ಲಿ ಬರುತ್ತಿತ್ತು.

ದಿಂಬಕ್ಕ ಅರ್ಧ ಹೊಲಿದಿದ್ದ ಮೆತ್ತೆಯೊಂದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದಳು, ತೂತಿಗೆ ತುರುಕಿದಳು, ಅದರ ಮೇಲೆ ಕೂತೇಬಿಟ್ಟಳು.

"ಏಳೇ, ಕಲ್ಲು ತಂದಿಡ್ತೀನಿ," ಅಂದ ಗಂಡ.

"ಎಲ್ಲಿ ಸೋರ್ತಿದೆ ಅಂತ ಕಲ್ಲಿಗೆ ಗೊತ್ತಾಗುತ್ತೇನ್ರೀ? ಸುಮ್ನೆ ಆ ಚಿಂದಿ ಕೊಡಿ."

ಒಳಗಿನಿಂದ ಅತ್ತೆ ಕೂಗಿದರು. "ಎಲ್ಲಿ ಹೋದ್ಯೇ? ಏನ್ ಮಾಡ್ತಿದೀಯ?"

"ಕೂತಿದೀನಿ ಅತ್ತೆ!"

"ಅದೇನ್ ಹೊಸದಾ?" ಅಂದರು. ಗಂಡ ಹೋಗಿ ವಿಷಯ ಹೇಳಿದ ಮೇಲೆ ಅತ್ತೆಯ ದನಿ ಸಣ್ಣದಾಯಿತು. "ಅಯ್ಯೋ, ಎದ್ದುಗಿದ್ದೀಯ ಮಾರಾಯ್ತಿ! ಕೂತಿರು!"

ನಾನು ಬಚ್ಚಲ ಹೊಸಿಲಲ್ಲೇ ನಿಂತು ನೋಡಿದೆ. ಅವಳು ಕಣ್ಣು ಮುಚ್ಚಿ ಮೈಯಲ್ಲೇ ಕೇಳಿಸಿಕೊಳ್ಳುತ್ತಿದ್ದಳು. ಎಡಕ್ಕೆ ಒಂಚೂರು ವಾಲಿ, ಅಲ್ಲಿಗೊಂದು ಚಿಂದಿ ತುರುಕುವಳು. ಮತ್ತೆ ಬಲಕ್ಕೆ. ಕಿಟಕಿಯಾಚೆ ಯಾರದೋ ಮೇಜು ತೇಲಿ ಹೋಗುತ್ತಿತ್ತು, ಒಳಗೆ ಅತ್ತೆಯ ಮಂಚದಡಿ ನೆಲ ಗುಡಿಸಿಟ್ಟ ಹಾಗೇ ಒಣಗಿತ್ತು. ಅಷ್ಟು ದೊಡ್ಡ ಹೊಳೆ, ಒಬ್ಬ ಹೆಂಗಸಿನ ಕೆಳಗೆ ಸಿಕ್ಕಿ ಒದ್ದಾಡುತ್ತಿತ್ತು.

ಹೊತ್ತು ಇಳಿಯುವಾಗ ನೀರೂ ಇಳಿಯಿತು. ಕಾಲು ಜೋಮು ಹಿಡಿದು ಅವಳಿಗೆ ಏಳಲಾಗಲಿಲ್ಲ. ಗಂಡ, ನಾನು ಎರಡೂ ಕಡೆ ಹಿಡಿದೆತ್ತಿದೆವು. ಸೋಪು ಹಚ್ಚಿ ಕೈಕಾಲು ತೊಳೆದು, ಸೀರೆ ಬದಲಿಸಿ ಒಳಗೆ ಹೋದವಳು ಮೊದಲು ಅತ್ತೆಯ ಹಾಸಿಗೆಯ ಅಂಚು ಮುಟ್ಟಿ ನೋಡಿದಳು.

"ಒಣಗೇ ಇದೆ," ಅಂದರು ಅತ್ತೆ. "ನನ್ನ ಗಂಟಲೂ ಒಣಗಿದೆ. ಬೆಳಗಿಂದ ಒಬ್ಬರಾದ್ರೂ ಒಂದು ಲೋಟ ನೀರು ಕೊಟ್ರೇನೇ?"

ದಿಂಬಕ್ಕ ನಕ್ಕಳು. ಕೊಡದ ಮುಚ್ಚಳ ತೆಗೆದು ಲೋಟ ತುಂಬಿಸಿ, ಸಂಜೆಯ ಮಾತ್ರೆ ಅಂಗೈಗೆ ಹಾಕಿಕೊಂಡು, ಅತ್ತೆಯ ತಲೆಯನ್ನು ಮೆಲ್ಲಗೆ ಎತ್ತಿ ಹಿಡಿದಳು.