ಅವ್ವ ಹೊಳೆಗೆ ಬಿಟ್ಟದ್ದು

ನನ್ನ ತಮ್ಮ ಸಂಡೂರಿನ ಗಣಿಯಲ್ಲಿ ಟಿಪ್ಪರ್ ಓಡಿಸುತ್ತಿದ್ದ. ತೊಡೆಯಲ್ಲಿ ಗಂಟೆದ್ದಾಗ, ಸೀಟಿನ ಕಾವಿಗೆ ಎದ್ದಿರಬೇಕು ಎಂದು ತಿಂಗಳುಗಟ್ಟಲೆ ಸುಮ್ಮನಿದ್ದ. ಗಂಡಸರಿಗೆ ಇದೂ ಒಂದು ಶೌರ್ಯ. ಕೊನೆಗೆ ಹೊಸಪೇಟೆಯ ಆಸ್ಪತ್ರೆಯಲ್ಲಿ ಗಂಟಿನ ತುಣುಕು ತೆಗೆದು ಪರೀಕ್ಷೆ ಮಾಡಿಸಿದ ಡಾಕ್ಟರು ಕೈಚೆಲ್ಲಿದರು.

"ಇದು ಸ್ನಾಯುವಿನ ಕ್ಯಾನ್ಸರ್ರೀ, ಭಾಳ ಅಪರೂಪದ್ದು. ಯಾವ ಬಗೀದು ಅಂತ ಇಲ್ಲಿ ಗೊತ್ತಾಗಂಗಿಲ್ಲ. ಜಲ್ದಿ ಬೆಂಗಳೂರಿಗೆ ಕರ್ಕೊಂಡು ಹೋಗ್ರಿ."

ಕಾಗದಗಳ ಜೊತೆಗೆ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿಯನ್ನೂ ಕೊಟ್ಟರು. ಅದರಲ್ಲಿ ಮೇಣದ ಬಿಲ್ಲೆಯೊಂದಿತ್ತು, ಬ್ಲಾಕ್ ಎನ್ನುತ್ತಾರೆ. ತಮ್ಮನ ತೊಡೆಯಿಂದ ತೆಗೆದ ತುಣುಕು ಆ ಮೇಣದೊಳಗಿತ್ತು. ಹೊಸ ಆಸ್ಪತ್ರೆಯವರು ಅದನ್ನೇ ಪರೀಕ್ಷಿಸಿ ಯಾವ ಔಷಧಿ ಎಂದು ತೀರ್ಮಾನಿಸುತ್ತಾರೆ, ಜೋಪಾನ ಎಂದರು.

ಚಿತ್ತವಾಡ್ಗಿಯ ನಮ್ಮ ಮನೆಯಲ್ಲಿ ಅವ್ವ ಡಬ್ಬಿ ನೋಡಿ ಏನಿದು ಎಂದಳು. ತಮ್ಮನಿಗೆ ಎಲ್ಲದರಲ್ಲೂ ತಮಾಷೆ.

"ಅದರಾಗ ನನ್ನ ಮಾಂಸ ಐತಿ. ಸಾರು ಮಾಡ್ತಿಯೇನು?"

ಅವ್ವ ನಗಲಿಲ್ಲ. ಮರುದಿನ, ಅಣ್ಣನನ್ನು ನೋಡಿಕೊಂಡು ಬರುತ್ತೇನೆಂದು ಹೊಳೆದಂಡೆಯ ತವರು ಕಂಪ್ಲಿಗೆ ಹೋಗಿ ಸಂಜೆಗೆ ಬಂದಳು. ನಾನು ಬಟ್ಟೆ ಜೋಡಿಸುವ ಗಡಿಬಿಡಿಯಲ್ಲಿದ್ದೆ.

ಬೆಂಗಳೂರಿನ ಆಸ್ಪತ್ರೆಯ ಕೌಂಟರಿನಲ್ಲಿ ಹುಡುಗಿಯೊಬ್ಬಳು ಡಬ್ಬಿ ತೆರೆದಳು. ಒಳಗೆ ಒಂದು ಅರಿಶಿನ ಕೊಂಬು ಇತ್ತು. ಮೇಣದ ಬಿಲ್ಲೆ ಇರಲಿಲ್ಲ. ಅವಳು ನಮ್ಮ ಮುಖ ನೋಡಿದಳು, ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾನು ಅಲ್ಲಿಂದಲೇ ಅವ್ವನಿಗೆ ಫೋನು ಮಾಡಿದೆ.

"ಹೊಳಿಗೆ ಬಿಟ್ಟೀನಿ," ಎಂದಳು, ಎಷ್ಟೋ ದಿನಗಳ ಮೇಲೆ ನೆಮ್ಮದಿಯ ದನಿಯಲ್ಲಿ. "ಮಸರನ್ನ ಎಡಿ ಹಿಡದು, ಕೈಮುಗದು ಬಿಟ್ಟೀನಿ. ಬ್ಯಾನೀನ ಅಷ್ಟು ದೂರ ಹೊತ್ಕೊಂಡು ಹೋಗ್ತಾರೇನು, ಹುಚ್ಚರು?"

ನಮ್ಮ ಮನೆತನದಲ್ಲಿ ಮೈಯಿಂದ ಬೇರೆಯಾದದ್ದನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಮಗುವಿನ ಹೊಕ್ಕಳಬಳ್ಳಿ, ಮೊದಲ ಕೂದಲು, ಎಲ್ಲ ಹೊಳೆಗೇ. ತಮ್ಮನ ಹೊಕ್ಕಳಬಳ್ಳಿಯನ್ನೂ ಕಂಪ್ಲಿಯಲ್ಲೇ ಬಿಟ್ಟಿದ್ದಳು; ಈಗ ಅವನ ಬೇನೆಯನ್ನೂ. ನನಗೆ ಗೊತ್ತಿಲ್ಲದ ಪದ್ಧತಿಯಲ್ಲ. ಆದರೂ ತಲೆ ಕೆಟ್ಟುಹೋಯಿತು.

"ಏನ್ ಮಾಡಿಟ್ಟಿದಿ ಗೊತ್ತೇನು ನೀನು..." ಎಂದು ಕಿರುಚುವಷ್ಟರಲ್ಲಿ ತಮ್ಮ ಫೋನು ಕಸಿದುಕೊಂಡ.

"ಚಲೋ ಮಾಡಿದಿ ಬೇ. ಅದು ಬ್ಯಾಡಂತ ಇವರಿಗೆ," ಎಂದು ಹೇಳಿ ಇಟ್ಟುಬಿಟ್ಟ.

ಹೊಸಪೇಟೆಯಲ್ಲಿ ವಿಚಾರಿಸಿದರೆ ಇದ್ದದ್ದು ಅದೊಂದೇ ಬ್ಲಾಕ್. ಹಾಗಾಗಿ ಬೆಂಗಳೂರಿನವರು ಅದೇ ತೊಡೆಗೆ ಮತ್ತೆ ದಪ್ಪ ಸೂಜಿ ಹಾಕಿದರು. ಮತ್ತೆ ಪರೀಕ್ಷೆ, ಮತ್ತೆ ಕಾಯುವುದು. ಕಾಯುತ್ತಿದ್ದಾಗಲೇ ಅವನಿಗೆ ಕೆಮ್ಮು ಶುರುವಾಯಿತು. ರಿಪೋರ್ಟ್ ಬರುವ ಹೊತ್ತಿಗೆ ರೋಗ ಎದೆಗೂಡಿಗೂ ಹಬ್ಬಿತ್ತು. ಔಷಧಿ ಕೊಟ್ಟರು, ಮೈ ಒಪ್ಪಲಿಲ್ಲ.

ಬ್ಲಾಕ್ ಇದ್ದಿದ್ದರೆ ಉಳಿಯುತ್ತಿದ್ದನೇ ಎಂದು ಡಾಕ್ಟರನ್ನು ಕೇಳಿದೆ. "ಹಾಗೆಲ್ಲ ಹೇಳೋಕೆ ಬರಲ್ಲಮ್ಮ," ಎಂದರು. ಉಳಿಯುತ್ತಿರಲಿಲ್ಲ ಎಂದು ಒಂದು ಸುಳ್ಳಾದರೂ ಹೇಳಬಾರದಿತ್ತೇ! ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಊರಿಗೆ ಕರೆತರುವ ಮುಂಚೆ ತಮ್ಮ ನನ್ನ ಕೈಯನ್ನು ತನ್ನ ಬೋಳುತಲೆಯ ಮೇಲೆ ಇಡಿಸಿಕೊಂಡ.

"ಅಕ್ಕಾ, ಆಣಿ ಮಾಡು. ಅದರಿಂದ ತಡ ಆತಂತ ಅವ್ವಗ ಯಾವತ್ತೂ ಹೇಳಬ್ಯಾಡ."

ಆಣೆ ಮಾಡಿದೆ. ಅಳು ತಡೆಯಲಾಗಲಿಲ್ಲ. ಅವನೇ ನನ್ನ ಕಣ್ಣೊರೆಸಿದ.

ಅವನು ಹೋದ ಮೇಲೆ ಮಾತಾಡಿಸಲು ಬಂದವರಿಗೆಲ್ಲ ಅವ್ವ ಒಂದೇ ಮಾತು ಹೇಳುತ್ತಾಳೆ. "ಬ್ಯಾನೀನ ನಾನು ಹೊಳಿಗೆ ಕಳಿಸಿದ್ದೆ. ಹೋಗಿಬಿಟ್ಟಿತ್ತು ಅದು. ಆ ಬೆಂಗಳೂರಿನವರು ಮತ್ತ ಅಲ್ಲೇ ಚುಚ್ಚಿ ಎಬ್ಬಿಸಿದ್ರು. ಅವರೇ ಕೊಂದ್ರು ನನ್ನ ಮಗನ್ನ." ಆಮೇಲೆ ನನ್ನ ಕಡೆ ತಿರುಗುತ್ತಾಳೆ. "ಹೌದಲ್ಲೇನು? ನೀನೂ ಅಲ್ಲೇ ಇದ್ದಿಯಲ್ಲ?"

"ಹೌದು ಬೇ," ಎನ್ನುತ್ತೇನೆ. "ಅವರೇ ಕೊಂದ್ರು."